ಆರಿದ ಒಲೆ, ಉಳಿದ ಬುತ್ತಿ: ಅಪೊಲೊ 13ರ ಶಕ್ತಿಯ ಲೆಕ್ಕ

1970ರ ಏಪ್ರಿಲ್ 13. ಹ್ಯೂಸ್ಟನ್‌ನಲ್ಲಿ ರಾತ್ರಿ ಒಂಬತ್ತು ದಾಟಿತ್ತು. ಭೂಮಿಯಿಂದ ಸುಮಾರು 3,30,000 ಕಿಲೋಮೀಟರ್ ದೂರದಲ್ಲಿ, ಚಂದ್ರನತ್ತ ಸಾಗುತ್ತಿದ್ದ ಅಪೊಲೊ 13 ನೌಕೆಯಲ್ಲಿ ಮೂವರು ಯಾತ್ರಿಗಳಲ್ಲೊಬ್ಬರಾದ ಜಾಕ್ ಸ್ವಿಗರ್ಟ್ ನಿಯಂತ್ರಣ ಕೇಂದ್ರದ ಕೋರಿಕೆಯಂತೆ ಸ್ವಿಚ್ ಹಾಕಿದರು. ಆಮ್ಲಜನಕದ ಟ್ಯಾಂಕಿನೊಳಗಿನ ಪುಟ್ಟ ಫ್ಯಾನ್‌ಗಳು ತಿರುಗಿ ಒಳಗಿದ್ದುದನ್ನು ಕಲಕಬೇಕಿತ್ತು, ಅಷ್ಟೇ. ಒಂದೂವರೆ ನಿಮಿಷದಲ್ಲಿ ದೊಡ್ಡ ಸದ್ದಾಯಿತು, ನೌಕೆ ಅದುರಿತು. ಮುಖ್ಯ ವಿದ್ಯುತ್ ಮಾರ್ಗಗಳೆರಡರ ಪೈಕಿ ಒಂದರಲ್ಲಿ ವೋಲ್ಟೇಜ್ ಕುಸಿದಿದೆ ಎಂಬ ಎಚ್ಚರಿಕೆಯ ದೀಪ ಹೊತ್ತಿಕೊಂಡಿತು.

ಈ ಘಟನೆಯನ್ನು ಸಾಮಾನ್ಯವಾಗಿ ಧೈರ್ಯದ ಕಥೆಯಾಗಿ ಹೇಳುತ್ತಾರೆ. ಧೈರ್ಯ ಅಲ್ಲಿ ಖಂಡಿತ ಇತ್ತು. ಆದರೆ ನನ್ನ ಮಟ್ಟಿಗೆ ಇದು ಮೊದಲು ರಸಾಯನಶಾಸ್ತ್ರದ ಪ್ರಕರಣ. ಒಂದೇ ಟ್ಯಾಂಕಿನ ಒಂದೇ ಆಮ್ಲಜನಕ ಒಂದು ದಾರಿಯಲ್ಲಿ ಹೋದಾಗ ವಿದ್ಯುತ್ತಾಯಿತು, ಕುಡಿಯುವ ನೀರಾಯಿತು. ಇನ್ನೊಂದು ದಾರಿ ಹಿಡಿದಾಗ ಟ್ಯಾಂಕನ್ನೇ ಒಡೆಯಿತು. ಆಮೇಲಿನ ನಾಲ್ಕು ದಿನ ಮೂವರು ಮನುಷ್ಯರ ಜೀವ ಬೆಳ್ಳಿ, ಸತು ಮತ್ತು ಲಿಥಿಯಂಗಳ ಕ್ರಿಯೆಗಳ ಮೇಲೆ ನಿಂತಿತ್ತು. ರಾಸಾಯನಿಕ ಕ್ರಿಯೆಗಳಲ್ಲಿ ಶಕ್ತಿ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಇನ್ನೊಂದು ಘಟನೆ ನನಗೆ ಗೊತ್ತಿಲ್ಲ.

ನೌಕೆಯ ಒಲೆ

ಅಪೊಲೊ ನೌಕೆಯಲ್ಲಿ ಮೂರು ಭಾಗಗಳಿದ್ದವು. ಯಾತ್ರಿಗಳು ಕುಳಿತು ಭೂಮಿಗೆ ಮರಳುವ ಕಮಾಂಡ್ ಮಾಡ್ಯೂಲ್. ಈ ಯಾನದಲ್ಲಿ ಅದರ ಹೆಸರು ಒಡಿಸ್ಸಿ. ಅದರ ಬೆನ್ನಿಗೆ ಅಂಟಿಕೊಂಡ ಸರ್ವಿಸ್ ಮಾಡ್ಯೂಲ್. ಎಂಜಿನ್, ಟ್ಯಾಂಕ್, ವಿದ್ಯುತ್ ಉತ್ಪಾದನೆ ಎಲ್ಲ ಅದರಲ್ಲೇ. ಮೂತಿಗೆ ಜೋಡಿಸಿಕೊಂಡ ಚಂದ್ರನೌಕೆ ಅಕ್ವೇರಿಯಸ್. ಚಂದ್ರನ ಮೇಲೆ ಇಬ್ಬರನ್ನು ಇಳಿಸಿ ಮತ್ತೆ ಮೇಲೆ ತರುವುದಷ್ಟೇ ಅದರ ಪಾಲಿನ ಕೆಲಸ.

ವಿದ್ಯುತ್ತು ಬರುತ್ತಿದ್ದುದು ಸರ್ವಿಸ್ ಮಾಡ್ಯೂಲಿನ ಮೂರು ಇಂಧನ ಕೋಶ ಘಟಕಗಳಿಂದ. ಬ್ಯಾಟರಿಗೂ ಇಂಧನ ಕೋಶಕ್ಕೂ ಇರುವ ವ್ಯತ್ಯಾಸವನ್ನು ನಾನು ಹೀಗೆ ನೆನಪಿಟ್ಟುಕೊಳ್ಳುತ್ತೇನೆ: ಬ್ಯಾಟರಿ ಕಟ್ಟಿ ತಂದ ಬುತ್ತಿ, ಇಂಧನ ಕೋಶ ಒಲೆ. ಬುತ್ತಿಯಲ್ಲಿ ಇರುವುದು ಇಷ್ಟೇ. ಉಂಡಂತೆ ಕರಗುತ್ತದೆ, ಆದರೆ ಬಿಚ್ಚಿದ ಕೂಡಲೇ ಸಿಗುತ್ತದೆ. ಒಲೆಗೆ ಸೌದೆ ಒಟ್ಟುತ್ತಲೇ ಇರಬೇಕು. ಒಟ್ಟಿದಷ್ಟು ಹೊತ್ತೂ ಉರಿಯುತ್ತದೆ, ಸೌದೆ ನಿಂತರೆ ಆರುತ್ತದೆ. ಬ್ಯಾಟರಿಯಲ್ಲಿ ಕ್ರಿಯೆಗೆ ಬೇಕಾದ ವಸ್ತುಗಳೆಲ್ಲ ಡಬ್ಬಿಯೊಳಗೇ ಇರುತ್ತವೆ. ಇಂಧನ ಕೋಶಕ್ಕೆ ಅವು ಕೊಳವೆಯ ಮೂಲಕ ಹೊರಗಿನಿಂದ ಬರಬೇಕು.

ಅಪೊಲೊದ ಒಲೆಗೆ ಸೌದೆ ಹೈಡ್ರೋಜನ್ ಮತ್ತು ಆಮ್ಲಜನಕ. ಇವೆರಡೂ ಸೇರಿದರೆ ನೀರು. ಶಕ್ತಿ ಬರುವುದು ಬಂಧಗಳ ಲೆಕ್ಕದಿಂದ. ಎರಡು ಮೋಲ್ (ಮೋಲ್ ಎಂದರೆ ಅಣುಗಳ ಒಂದು ನಿಗದಿತ ಎಣಿಕೆ) ಹೈಡ್ರೋಜನ್ ಅಣುಗಳ ಬಂಧ ಮುರಿಯಲು 872 ಕಿಲೋಜೂಲ್, ಒಂದು ಮೋಲ್ ಆಮ್ಲಜನಕದ ಬಂಧ ಮುರಿಯಲು 498 ಕಿಲೋಜೂಲ್ ಬೇಕು. ಒಟ್ಟು ಖರ್ಚು 1,370. ಬಿಡಿಯಾದ ಪರಮಾಣುಗಳು ನೀರಿನ ನಾಲ್ಕು ಮೋಲ್ ಬಂಧಗಳನ್ನು ಕಟ್ಟಿಕೊಂಡಾಗ ಸುಮಾರು 1,850 ಕಿಲೋಜೂಲ್ ಹೊರಬರುತ್ತದೆ. ಮುರಿಯುವುದಕ್ಕೆ ಕೊಟ್ಟದ್ದಕ್ಕಿಂತ ಕಟ್ಟಿಕೊಂಡಾಗ ಸಿಕ್ಕಿದ್ದು ಹೆಚ್ಚು. ಆದ್ದರಿಂದಲೇ ಇದು ಬಹಿರುಷ್ಣಕ, ಅಂದರೆ ಶಾಖ ಹೊರಬಿಡುವ, ಕ್ರಿಯೆ. ಆವಿ ತಣಿದು ದ್ರವ ನೀರಾಗುವಾಗ ಇನ್ನಷ್ಟು ಬರುತ್ತದೆ. ಎಲ್ಲ ಸೇರಿ ಒಂದು ಮೋಲ್ ನೀರಿಗೆ, ಅಂದರೆ 18 ಗ್ರಾಂಗೆ, 286 ಕಿಲೋಜೂಲ್. ಬಂಧ ಮುರಿದರೆ ಶಕ್ತಿ ಹೊರಬರುತ್ತದೆ ಎಂದು ಹಲವರು ಹೇಳುವುದನ್ನು ಕೇಳಿದ್ದೇನೆ. ಅದು ತಪ್ಪು. ಮುರಿಯುವುದು ಯಾವಾಗಲೂ ಖರ್ಚು, ಕಟ್ಟುವುದೇ ಆದಾಯ.

ಇವೆರಡನ್ನೂ ಬೆರೆಸಿ ಕಿಡಿ ತಾಗಿಸಿದರೆ ಈ ಶಕ್ತಿಯೆಲ್ಲ ಒಂದೇ ಕ್ಷಣದಲ್ಲಿ ಶಾಖವಾಗಿ ಸಿಡಿಯುತ್ತದೆ. ಇಂಧನ ಕೋಶದ ಜಾಣತನ ಇರುವುದು ಅವು ನೇರವಾಗಿ ಮುಖಾಮುಖಿಯಾಗದಂತೆ ತಡೆಯುವುದರಲ್ಲಿ. ಒಂದು ಎಲೆಕ್ಟ್ರೋಡಿನಲ್ಲಿ ಹೈಡ್ರೋಜನ್ ತನ್ನ ಎಲೆಕ್ಟ್ರಾನುಗಳನ್ನು ಬಿಟ್ಟುಕೊಡುತ್ತದೆ, ಇನ್ನೊಂದರಲ್ಲಿ ಆಮ್ಲಜನಕ ಅವನ್ನು ಪಡೆಯುತ್ತದೆ. ನಡುವೆ ಇರುವ ವಿದ್ಯುದ್ವಿಭಾಜ್ಯ ಅಯಾನುಗಳಿಗೆ (ವಿದ್ಯುದಾವೇಶವಿರುವ ಕಣಗಳಿಗೆ) ದಾರಿ ಕೊಡುತ್ತದೆ, ಎಲೆಕ್ಟ್ರಾನುಗಳಿಗೆ ಕೊಡುವುದಿಲ್ಲ. ಎಲೆಕ್ಟ್ರಾನುಗಳು ಬೇರೆ ಗತಿಯಿಲ್ಲದೆ ಹೊರಗಿನ ತಂತಿಯನ್ನು ಸುತ್ತಿ ಬರಬೇಕು. ಹಾಗೆ ಬರುವಾಗ ದೀಪ ಬೆಳಗಿಸುತ್ತವೆ, ಗಣಕ ನಡೆಸುತ್ತವೆ. ಉರಿಯಲ್ಲೂ ಕೋಶದಲ್ಲೂ ಆರಂಭ ಒಂದೇ, ಅಂತ್ಯ ಒಂದೇ. ಬೇರೆಯಾಗಿರುವುದು ಎಲೆಕ್ಟ್ರಾನ್ ನಡೆದ ದಾರಿ.

ಈ ಉಪಾಯ ಹಳೆಯದು. ವಿಲಿಯಂ ಗ್ರೋವ್ 1839ರಲ್ಲೇ ಪ್ಲಾಟಿನಂ ಪಟ್ಟಿಗಳನ್ನು ಹೈಡ್ರೋಜನ್ ಮತ್ತು ಆಮ್ಲಜನಕದಲ್ಲಿಟ್ಟು ವಿದ್ಯುತ್ ಹರಿಸಿ ತೋರಿಸಿದ್ದರು. ಕೆಲಸಕ್ಕೆ ಬರುವ ಯಂತ್ರವಾಗಲು 120 ವರ್ಷ ಹಿಡಿಯಿತು. ಇಂಗ್ಲಿಷ್ ಎಂಜಿನಿಯರ್ ಫ್ರಾನ್ಸಿಸ್ ಥಾಮಸ್ ಬೇಕನ್ 1959ರಲ್ಲಿ 5 ಕಿಲೋವ್ಯಾಟ್ ಸಾಮರ್ಥ್ಯದ ಕೋಶಗಳ ಜೋಡಣೆಯನ್ನು ಪ್ರದರ್ಶಿಸಿದರು. ಅಪೊಲೊದ ಕೋಶಗಳು ಆ ವಂಶದವೇ. ನಿಕ್ಕಲ್ ಎಲೆಕ್ಟ್ರೋಡುಗಳು, ನಡುವೆ ಗಾಢ ಪೊಟ್ಯಾಸಿಯಂ ಹೈಡ್ರಾಕ್ಸೈಡ್. ಅದು ಎಷ್ಟು ಗಾಢವೆಂದರೆ ಕೋಣೆಯ ಉಷ್ಣತೆಯಲ್ಲಿ ಗಟ್ಟಿಯಾಗಿರುತ್ತದೆ. ಕೋಶ ಕೆಲಸ ಮಾಡುವ ಸುಮಾರು 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿರುತ್ತದೆ.

ಒಂದು ಕೋಶದಿಂದ ಎಷ್ಟು ವೋಲ್ಟ್ ಸಿಗಬಹುದು ಎಂಬುದನ್ನು ಪ್ರಕೃತಿಯೇ ನಿಗದಿ ಮಾಡಿದೆ. 286 ಕಿಲೋಜೂಲ್‌ನಲ್ಲಿ ವಿದ್ಯುತ್ತಾಗಿ ಪಡೆಯಬಹುದಾದದ್ದು ಕೋಣೆಯ ಉಷ್ಣತೆಯಲ್ಲಿ ಹೆಚ್ಚೆಂದರೆ 237, ಅದು 1.23 ವೋಲ್ಟ್‌ಗೆ ಸಮ. ಉಳಿದ 49 ಕಿಲೋಜೂಲ್ ಎಂಥ ಪರಿಪೂರ್ಣ ಯಂತ್ರದಲ್ಲೂ ಶಾಖವಾಗಿಯೇ ಹೋಗಬೇಕು. ನಿಜವಾದ ಕೋಶದಲ್ಲಿ ವಿದ್ಯುತ್ ಎಳೆಯುತ್ತಿರುವಾಗ ವೋಲ್ಟೇಜ್ ಇನ್ನೂ ಇಳಿದು ಸುಮಾರು 0.9ಕ್ಕೆ ಬರುತ್ತದೆ. ಅಪೊಲೊದ ಒಂದೊಂದು ಘಟಕದಲ್ಲಿ 31 ಕೋಶಗಳನ್ನು ಸಾಲಾಗಿ ಜೋಡಿಸಿದ್ದರು. 31 ಗುಣಿಸು 0.9, ಅಂದರೆ ಸುಮಾರು 28 ವೋಲ್ಟ್. ನೌಕೆಯ ಉಪಕರಣಗಳಿಗೆ ಬೇಕಾಗಿದ್ದುದು ಅದೇ.

ಬರೀ ಬ್ಯಾಟರಿಯನ್ನೇ ಒಯ್ಯಬಹುದಿತ್ತಲ್ಲ ಎನ್ನುವವರಿಗೆ ಉತ್ತರ ತೂಕದಲ್ಲಿದೆ. ಒಂದು ಕಿಲೋ ಹೈಡ್ರೋಜನ್, ಎಂಟು ಕಿಲೋ ಆಮ್ಲಜನಕ ಸೇರಿ 0.9 ವೋಲ್ಟ್‌ನಲ್ಲಿ ಸುಮಾರು 24 ಕಿಲೋವ್ಯಾಟ್-ಗಂಟೆ ವಿದ್ಯುತ್ ಕೊಡುತ್ತವೆ. ಕಿಲೋ ಒಂದಕ್ಕೆ 2.6ಕ್ಕೂ ಹೆಚ್ಚು. ಆ ಕಾಲದ ಅತ್ಯುತ್ತಮ ಬೆಳ್ಳಿ-ಸತು ಬ್ಯಾಟರಿ ಕಿಲೋ ಒಂದಕ್ಕೆ 0.2 ಕಿಲೋವ್ಯಾಟ್-ಗಂಟೆಯ ಆಸುಪಾಸಿನಲ್ಲಿತ್ತು. ಟ್ಯಾಂಕು, ಕೋಶಗಳ ತೂಕ ಸೇರಿಸಿದರೂ ದಿನಗಟ್ಟಲೆಯ ಪ್ರಯಾಣಕ್ಕೆ ಒಲೆಯೇ ಹಗುರ. ಅದರ ಜೊತೆಗೆ ನೀರು. 2 ಕಿಲೋವ್ಯಾಟ್ ಬಳಕೆ ಎಂದಿಟ್ಟುಕೊಂಡರೆ ದಿನಕ್ಕೆ ಸುಮಾರು 18 ಲೀಟರ್ ನೀರು ತಾನಾಗಿಯೇ ಹುಟ್ಟುತ್ತದೆ. ಆವಿಯನ್ನು ತಣಿಸಿ ಬೇರ್ಪಡಿಸಿ ಕುಡಿಯುವ ನೀರಿನ ತೊಟ್ಟಿಗೆ ಬಿಡುತ್ತಿದ್ದರು. ಅದರಲ್ಲಿ ಹೈಡ್ರೋಜನ್ ಗುಳ್ಳೆಗಳಿರುತ್ತಿದ್ದವು ಎಂಬುದೊಂದೇ ಯಾತ್ರಿಗಳ ಗೊಣಗಾಟ.

ಇದೇ ಲೆಕ್ಕದಿಂದ ಇನ್ನೊಂದು ಸಂಗತಿ ಹೊಳೆಯುತ್ತದೆ. ಆ ಬಳಕೆಗೆ ಕೋಶಗಳು ದಿನಕ್ಕೆ 16 ಕಿಲೋದಷ್ಟು ಆಮ್ಲಜನಕ ತಿನ್ನುತ್ತವೆ. ಮೂವರು ಮನುಷ್ಯರು ಉಸಿರಾಡುವುದು ದಿನಕ್ಕೆ ಎರಡೂವರೆ ಕಿಲೋ. ನೌಕೆಯ ಎರಡು ದೊಡ್ಡ ಆಮ್ಲಜನಕ ಟ್ಯಾಂಕುಗಳು ಮುಖ್ಯವಾಗಿ ಇದ್ದದ್ದು ಶ್ವಾಸಕ್ಕಲ್ಲ, ವಿದ್ಯುತ್ತಿಗೆ. ಆಮ್ಲಜನಕ ಹೋಯಿತು ಎಂದಾಗ ಹೋದದ್ದು ಉಸಿರು ಎಂದೇ ನಾವು ಅಂದುಕೊಳ್ಳುತ್ತೇವೆ. ಆ ರಾತ್ರಿ ಮೊದಲು ಹೋದದ್ದು ಬೆಳಕು, ನೀರು ಮತ್ತು ಬೆಚ್ಚಗಿನ ವಾತಾವರಣ.

ಟ್ಯಾಂಕಿನೊಳಗೆ ಹೊತ್ತಿದ ಬೆಂಕಿ

ಒಡೆದದ್ದು ಎರಡನೆಯ ಆಮ್ಲಜನಕ ಟ್ಯಾಂಕು. ಅದರ ಚರಿತ್ರೆಯನ್ನು ನಾಸಾ ನೇಮಿಸಿದ ಪರಿಶೀಲನಾ ಮಂಡಳಿ ಎಳೆ ಎಳೆಯಾಗಿ ಬಿಡಿಸಿಟ್ಟಿತು. ಎಡ್ಗರ್ ಕಾರ್ಟ್‌ರೈಟ್ ಅದರ ಅಧ್ಯಕ್ಷರು. ಆ ಟ್ಯಾಂಕನ್ನು ಮೊದಲು ಅಪೊಲೊ 10ಕ್ಕೆಂದು ಜೋಡಿಸಿದ್ದರು. ಮಾರ್ಪಾಡಿಗಾಗಿ 1968ರಲ್ಲಿ ಹೊರತೆಗೆಯುವಾಗ ಅದು ಸುಮಾರು ಐದು ಸೆಂಟಿಮೀಟರ್ ಎತ್ತರದಿಂದ ಜಾರಿ ಬಿತ್ತು. ತುಂಬುವ ಮತ್ತು ಖಾಲಿ ಮಾಡುವ ಕೊಳವೆಯ ಜೋಡಣೆ ಆಗ ಸಡಿಲಗೊಂಡಿರಬೇಕು. 1970ರ ಮಾರ್ಚ್‌ನಲ್ಲಿ, ಉಡಾವಣೆಯ ತಾಲೀಮಿನ ಬಳಿಕ ಟ್ಯಾಂಕಿನಲ್ಲಿದ್ದ ಆಮ್ಲಜನಕವನ್ನು ಹೊರಬಿಡಲು ಹೋದಾಗ ಅದು ಖಾಲಿಯಾಗಲೇ ಇಲ್ಲ. ಒಳಗಿನ ಹೀಟರ್ ಹಾಕಿ ಕುದಿಸಿ ಆವಿಯಾಗಿಸಿ ಕಳೆಯೋಣ ಎಂದು ತೀರ್ಮಾನಿಸಿದರು. ಹೀಟರ್ ಎಂಟು ಗಂಟೆ ಉರಿಯಿತು.

ಹೀಟರ್ ಮಿತಿಮೀರದಂತೆ ಕಾಯಲು ಥರ್ಮೋಸ್ಟಾಟ್ ಸ್ವಿಚ್‌ಗಳಿದ್ದವು. ನೌಕೆಯ ವಿದ್ಯುತ್ತು 28 ವೋಲ್ಟ್. ಅವನ್ನು ಅದಕ್ಕೆಂದೇ ಮಾಡಿದ್ದರು. ಉಡಾವಣಾ ಕೇಂದ್ರದಲ್ಲಿ ಹೀಟರ್‌ಗೆ ಕೊಡುತ್ತಿದ್ದುದು 65 ವೋಲ್ಟ್. 65 ವೋಲ್ಟ್‌ಗೆ ತಕ್ಕಂತೆ ಬದಲಿಸಬೇಕೆಂಬ ಸೂಚನೆ 1965ರಲ್ಲೇ ಬರಹದಲ್ಲಿ ಬಂದಿತ್ತು, ಸ್ವಿಚ್‌ಗಳು ಮಾತ್ರ ಬದಲಾಗಿರಲಿಲ್ಲ. ಉಷ್ಣತೆ ಏರಿ ಸ್ವಿಚ್ ತೆರೆಯಲು ಹೊರಟಾಗ 65 ವೋಲ್ಟ್‌ನ ಕಿಡಿ ಅದರ ತುದಿಗಳನ್ನು ಬೆಸೆದುಬಿಟ್ಟಿತು. ಆಮೇಲೆ ಹೀಟರನ್ನು ತಡೆಯುವವರಿಲ್ಲ. ಕೊಳವೆಯ ಭಾಗಗಳು 500 ಡಿಗ್ರಿ ಸೆಲ್ಸಿಯಸ್ ದಾಟಿರಬಹುದು ಎಂದು ಮಂಡಳಿ ಪರೀಕ್ಷೆಗಳಿಂದ ಕಂಡುಕೊಂಡಿತು. ಹೊರಗೆ ಕುಳಿತವರು ನೋಡುತ್ತಿದ್ದ ಮಾಪಕದ ಮುಳ್ಳು ಸುಮಾರು 27 ಡಿಗ್ರಿಯ ಬಳಿ ನಿಂತಿತ್ತು, ಏಕೆಂದರೆ ಅದಕ್ಕಿಂತ ಮೇಲೆ ತೋರಿಸುವ ಅಳತೆಯೇ ಅದರಲ್ಲಿರಲಿಲ್ಲ. ಇದನ್ನು ಓದಿದಾಗಲೆಲ್ಲ ನನಗೆ ಆ ಮುಳ್ಳೇ ಕಣ್ಣಿಗೆ ಕಟ್ಟುತ್ತದೆ. ಅದು ಸುಳ್ಳು ಹೇಳಲಿಲ್ಲ. ತನ್ನ ಕೊನೆಯ ಗೆರೆಯಲ್ಲಿ ನಿಂತಿತು. ಮುಂದೆ ಗೆರೆಯಿಲ್ಲ ಎಂಬುದನ್ನು ನೋಡುವವರು ಮರೆತರು.

ಆ ಕಾವಿನಲ್ಲಿ ಫ್ಯಾನ್ ತಂತಿಗಳ ಟೆಫ್ಲಾನ್ ಹೊದಿಕೆ ಬಿರುಕು ಬಿಟ್ಟು ಸುಟ್ಟಿತು. ಮತ್ತೆ ಆಮ್ಲಜನಕ ತುಂಬಿದರು. ಅಲ್ಲಿಂದ ಏಪ್ರಿಲ್ 13ರವರೆಗೆ ಬರಿ ತಂತಿ, ಅತಿ ಒತ್ತಡದ ಶುದ್ಧ ಆಮ್ಲಜನಕ, ಉರಿಯಬಲ್ಲ ಪ್ಲಾಸ್ಟಿಕ್, ಈ ಮೂರೂ ಒಂದೇ ಗೋಳದೊಳಗೆ ಅಕ್ಕಪಕ್ಕದಲ್ಲಿದ್ದವು. ಏನೂ ಆಗಲಿಲ್ಲ. ಬಹಿರುಷ್ಣಕ ಕ್ರಿಯೆಯಾದರೂ ಶುರುವಾಗಲು ಮೊದಲೊಂದು ದಿಬ್ಬ ಹತ್ತಬೇಕು. ಬಂಧ ಸಡಿಲಗೊಳ್ಳಲು ಒಂದಿಷ್ಟು ಶಕ್ತಿಯನ್ನು ಹೊರಗಿನಿಂದ ಕೊಡಬೇಕು. ಪುಸ್ತಕಗಳು ಇದನ್ನು ಸಕ್ರಿಯಣ ಶಕ್ತಿ ಎನ್ನುತ್ತವೆ. ಫ್ಯಾನ್ ತಿರುಗಿದಾಗ ತಂತಿಗಳ ನಡುವೆ ಹಾರಿದ ಕಿಡಿ ಅದನ್ನು ಕೊಟ್ಟಿತು. ಸಾಮಾನ್ಯ ಗಾಳಿಯಲ್ಲಿ ಟೆಫ್ಲಾನ್ ಹೊತ್ತಿ ಉರಿಯುವುದಿಲ್ಲ, ಅದಕ್ಕಾಗಿಯೇ ಅದನ್ನು ಸುರಕ್ಷಿತ ಎನ್ನುತ್ತಾರೆ. ಸುತ್ತ ಒತ್ತೊತ್ತಾಗಿ ಶುದ್ಧ ಆಮ್ಲಜನಕವಿದ್ದಾಗ ಆ ಮಾತು ನಿಲ್ಲುವುದಿಲ್ಲ. ಉರಿ ತಂತಿಗುಂಟ ಹರಿಯಿತು, ಒಳಗಿನ ಒತ್ತಡ ಏರಿತು, ಟ್ಯಾಂಕು ಬಾಯ್ದೆರೆಯಿತು, ಸರ್ವಿಸ್ ಮಾಡ್ಯೂಲಿನ ಒಂದು ಪಕ್ಕದ ಹೊರಕವಚವೇ ಕಿತ್ತು ಹೋಯಿತು.

ಒಲೆ ಆರಿದ ಎರಡು ಗಂಟೆ

ಸ್ಫೋಟದ ಹೊಡೆತಕ್ಕೆ ಒಂದನೆಯ ಮತ್ತು ಮೂರನೆಯ ಇಂಧನ ಕೋಶ ಘಟಕಗಳಿಗೆ ಆಮ್ಲಜನಕ ಹೋಗುವ ಕವಾಟಗಳು ತಾವಾಗಿಯೇ ಮುಚ್ಚಿಕೊಂಡವು. ಒಳಗೆ ಕುಳಿತವರಿಗೆ ಅದು ಗೊತ್ತಾಗಲಿಲ್ಲ. ಹೈಡ್ರೋಜನ್ ಮತ್ತು ಆಮ್ಲಜನಕದ ಕವಾಟಗಳು ಎರಡೂ ಮುಚ್ಚಿದರೆ ಮಾತ್ರ ಸೂಚಕ ತಿರುಗುವಂತೆ ಅದನ್ನು ರೂಪಿಸಲಾಗಿತ್ತು, ಮುಚ್ಚಿದ್ದು ಒಂದೇ. ಕೊಳವೆಯಲ್ಲಿ ಉಳಿದಿದ್ದ ಆಮ್ಲಜನಕ ಸುಮಾರು ಮೂರು ನಿಮಿಷಕ್ಕೆ ಸಾಕಾಯಿತು. ಆಮೇಲೆ ಎರಡೂ ಘಟಕ ಸತ್ತವು. ಎರಡನೆಯ ಘಟಕವೊಂದೇ ಒಂದನೆಯ ಟ್ಯಾಂಕಿನ ಆಮ್ಲಜನಕವನ್ನು ನೆಚ್ಚಿಕೊಂಡು ಉಳಿಯಿತು. ಆ ಟ್ಯಾಂಕಿಗೂ ಪೆಟ್ಟಾಗಿ ಸೋರುತ್ತಿತ್ತು. ಅದೂ ಸುಮಾರು ಎರಡು ಗಂಟೆ ಬಾಳಿತು.

ಸೋರಿಕೆ ಕೋಶಗಳ ಕಡೆಯಿಂದ ಆಗುತ್ತಿರಬಹುದು ಎಂಬ ಅನುಮಾನದಿಂದ ಅವುಗಳ ಕವಾಟಗಳನ್ನು ಪೂರ್ತಿ ಮುಚ್ಚಲು ನೆಲದಿಂದ ಸೂಚನೆ ಹೋಯಿತು. ಆ ಕವಾಟ ಒಮ್ಮೆ ಮುಚ್ಚಿದರೆ ಘಟಕವನ್ನು ಮತ್ತೆ ಚಾಲೂ ಮಾಡುವಂತಿರಲಿಲ್ಲ. ಮೂರೂ ಕೋಶಗಳಿಲ್ಲದೆ ಚಂದ್ರನ ಮೇಲೆ ಇಳಿಯುವಂತಿಲ್ಲ ಎಂಬುದು ಯಾನದ ನಿಯಮ. ಸೂಚನೆಯನ್ನು ಮತ್ತೊಮ್ಮೆ ಕೇಳಿ ಖಚಿತಪಡಿಸಿಕೊಂಡು ಯಾತ್ರಿಗಳು ಮುಚ್ಚಿದರು. ಚಂದ್ರಯಾನ ಮುಗಿದದ್ದು ಆ ಕ್ಷಣದಲ್ಲಿ. ಸೋರಿಕೆ ನಿಲ್ಲಲಿಲ್ಲ.

ಈ ಎರಡು ಗಂಟೆಗಳಲ್ಲಿ ತೆಗೆದುಕೊಂಡ ನಿರ್ಧಾರಗಳಲ್ಲಿ ನನಗೆ ಅತಿ ದೊಡ್ಡದಾಗಿ ಕಾಣುವುದು ಇನ್ನೊಂದು. ಕಮಾಂಡ್ ಮಾಡ್ಯೂಲಿನಲ್ಲಿ ಮೂರು ಪುಟ್ಟ ಬೆಳ್ಳಿ-ಸತು ಬ್ಯಾಟರಿಗಳಿದ್ದವು, ಒಂದೊಂದೂ 40 ಆಂಪಿಯರ್-ಗಂಟೆ, ಅಂದರೆ ಒಂದು ಆಂಪಿಯರ್‌ನಂತೆ 40 ಗಂಟೆ ಕೊಡುವಷ್ಟು. ಭೂಮಿಯ ವಾತಾವರಣಕ್ಕೆ ಮರಳುವ ಕೊನೆಯ ಹೊತ್ತಿಗೆಂದು ಇಟ್ಟಿದ್ದವು ಅವು. ಕೋಶಗಳು ಸಾಯುತ್ತಿದ್ದಂತೆ ಹೊರೆ ಒಂದು ಬ್ಯಾಟರಿಯ ಮೇಲೆ ಬಿತ್ತು, ಅದು ಇಳಿಯತೊಡಗಿತು. ನೆಲದ ತಂಡ ಅದನ್ನು ಆದಷ್ಟು ಬೇಗ ಹೊರೆಯಿಂದ ಬಿಡಿಸಿತು. ಮರಳುವಾಗ ಬೇಕಾಗುವ ಸಣ್ಣ ಆಮ್ಲಜನಕ ಟ್ಯಾಂಕನ್ನೂ ಪ್ರತ್ಯೇಕಿಸಿ ಕಾದಿಟ್ಟಿತು. ಮುಂದಿನ ಎರಡು ನಿಮಿಷ ಉಳಿಯುವುದೇ ಕಷ್ಟವಾಗಿದ್ದಾಗ ನಾಲ್ಕು ದಿನದಾಚೆಯ ಎರಡು ಗಂಟೆಗೆ ಬುತ್ತಿ ಎತ್ತಿಡುವುದು ಸಣ್ಣ ಮಾತಲ್ಲ. ಒಡಿಸ್ಸಿಯ ಎಲ್ಲ ಸ್ವಿಚ್‌ಗಳನ್ನೂ ಆರಿಸಿ ಮೂವರೂ ಸುರಂಗದ ಮೂಲಕ ಅಕ್ವೇರಿಯಸ್‌ಗೆ ಸರಿದರು.

ಬೆಳ್ಳಿ ಮತ್ತು ಸತುವಿನ ನಾಲ್ಕು ದಿನ

ಅಕ್ವೇರಿಯಸ್‌ನಲ್ಲಿ ಇಂಧನ ಕೋಶವಿರಲಿಲ್ಲ. ತಳಭಾಗದಲ್ಲಿ 400 ಆಂಪಿಯರ್-ಗಂಟೆಯ ನಾಲ್ಕು, ಮೇಲ್ಭಾಗದಲ್ಲಿ 296 ಆಂಪಿಯರ್-ಗಂಟೆಯ ಎರಡು, ಒಟ್ಟು ಆರು ಬೆಳ್ಳಿ-ಸತು ಬ್ಯಾಟರಿಗಳು. ಅವುಗಳೊಳಗೆ ನಡೆಯುವುದು ಇಷ್ಟು: ಸತು ಎಲೆಕ್ಟ್ರಾನ್ ಬಿಟ್ಟು ಸತುವಿನ ಆಕ್ಸೈಡ್ ಆಗುತ್ತದೆ, ಬೆಳ್ಳಿಯ ಆಕ್ಸೈಡ್ ಅವನ್ನು ಪಡೆದು ಶುದ್ಧ ಬೆಳ್ಳಿಯಾಗುತ್ತದೆ. ಆಮ್ಲಜನಕ ಬೆಳ್ಳಿಯ ಮನೆ ಬಿಟ್ಟು ಸತುವಿನ ಮನೆ ಸೇರುತ್ತದೆ ಎಂದರೂ ಸರಿ. ಬೆಳ್ಳಿ ಆಮ್ಲಜನಕವನ್ನು ಸಡಿಲವಾಗಿ ಹಿಡಿದಿರುತ್ತದೆ, ಸತು ಬಿಗಿಯಾಗಿ ಹಿಡಿಯುತ್ತದೆ. ಆ ಹಿಡಿತಗಳ ನಡುವಿನ ಅಂತರವೇ ನಮಗೆ ಸಿಗುವ ಶಕ್ತಿ. ಕೋಶವೊಂದಕ್ಕೆ ಸುಮಾರು ಒಂದೂವರೆ ವೋಲ್ಟ್. 20 ಕೋಶ ಸೇರಿದರೆ 30 ವೋಲ್ಟ್. ಇಲ್ಲೂ ನಡುವಿನ ದ್ರಾವಣ ಪೊಟ್ಯಾಸಿಯಂ ಹೈಡ್ರಾಕ್ಸೈಡೇ. ಸುಟ್ಟುಹೋದ ಟ್ಯಾಂಕಿನ ಆಮ್ಲಜನಕದ ಬದಲು ಈಗ ಬೆಳ್ಳಿಯೊಳಗೆ ಕಟ್ಟಿಟ್ಟಿದ್ದ ಆಮ್ಲಜನಕ ಕೆಲಸ ಮಾಡುತ್ತಿತ್ತು. ಅದಕ್ಕೆ ಕೊಳವೆ ಬೇಡ, ಕವಾಟ ಬೇಡ, ಸೋರುವ ಭಯವಿಲ್ಲ.

ಆದರೆ ಬುತ್ತಿ ಎಷ್ಟು? ಕೂಡಿದರೆ ಸುಮಾರು 2,190 ಆಂಪಿಯರ್-ಗಂಟೆ. 30 ವೋಲ್ಟ್‌ನಂತೆ 65 ಕಿಲೋವ್ಯಾಟ್-ಗಂಟೆ. ಇಬ್ಬರಿಗೆ ಎರಡು ದಿನಕ್ಕೂ ಕಡಿಮೆ ಸಮಯಕ್ಕೆಂದು ಸಿದ್ಧವಾಗಿದ್ದ ನೌಕೆಯಲ್ಲಿ ಈಗ ಮೂವರು ನಾಲ್ಕು ದಿನದ ಹತ್ತಿರ ಬದುಕಬೇಕು. ನೆಲದ ತಂಡ ಅತ್ಯಗತ್ಯವಲ್ಲದ ಎಲ್ಲವನ್ನೂ ಆರಿಸಿ ಬಳಕೆಯನ್ನು ಸುಮಾರು ಐದರಲ್ಲಿ ಒಂದು ಪಾಲಿಗೆ, 12 ಆಂಪಿಯರ್‌ನ ಆಸುಪಾಸಿಗೆ ಇಳಿಸಿತು. 12 ಗುಣಿಸು 30, ಅಂದರೆ 360 ವ್ಯಾಟ್. ಕೆಲವು ಬಲ್ಬುಗಳಿಗೆ ಸಾಕಾಗುವಷ್ಟು. ಅದರಲ್ಲೇ ರೇಡಿಯೋ, ಗಾಳಿ ತಿರುಗಿಸುವ ಫ್ಯಾನ್, ತಂಪು ಮಾಡುವ ಪಂಪ್. ಐದು ಪಟ್ಟು ಬಳಸಿದ್ದರೆ 37 ಗಂಟೆಗೆ ಕತ್ತಲಾಗುತ್ತಿತ್ತು, ದಾರಿ ಇನ್ನೂ 80 ಗಂಟೆಗೂ ಹೆಚ್ಚು ಇತ್ತು.

ದಾರಿಯನ್ನೇ ಮೊಟಕು ಮಾಡಲು ಚಂದ್ರನನ್ನು ಸುತ್ತಿ ಬಂದ ಬಳಿಕ ಅಕ್ವೇರಿಯಸ್‌ನ ಇಳಿಯುವ ಎಂಜಿನನ್ನು ಉರಿಸಿ ಒಂಬತ್ತು ಗಂಟೆಗಳಷ್ಟು ಉಳಿಸಿಕೊಂಡರು. ಆ ಎಂಜಿನಿನ ರಸಾಯನವೂ ಗಮನಾರ್ಹ. ಹೈಡ್ರಜೀನ್ ಬಗೆಯ ಇಂಧನಕ್ಕೆ ನೈಟ್ರೋಜನ್ ಟೆಟ್ರಾಕ್ಸೈಡ್ ತಾಗಿದ ಕೂಡಲೇ ಹೊತ್ತಿಕೊಳ್ಳುತ್ತದೆ, ಕಿಡಿಯೇ ಬೇಡ. ಹತ್ತಬೇಕಾದ ದಿಬ್ಬ ಅಷ್ಟು ತಗ್ಗು. ಹೊತ್ತಿಸುವ ಸಾಧನ ಕೈಕೊಡಬಾರದೆಂದೇ ಅದನ್ನು ಆರಿಸಿದ್ದರು.

ನಾನು ಈ ಪ್ರಕರಣವನ್ನು ಮೊದಲ ಸಲ ಓದಿದಾಗ ನೀರಿನ ಕೊರತೆಗೂ ವಿದ್ಯುತ್ತಿಗೂ ಸಂಬಂಧ ಏನೆಂದು ಹೊಳೆದಿರಲಿಲ್ಲ. ಸಂಬಂಧ ಬಲು ಗಟ್ಟಿ. ಉಪಕರಣಗಳು ಬಳಸಿದ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗುತ್ತದೆ. ನಿರ್ವಾತದಲ್ಲಿ ಆ ಶಾಖವನ್ನು ಒಯ್ಯಲು ಗಾಳಿಯಿಲ್ಲ. ಚಂದ್ರನೌಕೆ ರಂಧ್ರಗಳುಳ್ಳ ಲೋಹದ ಫಲಕಕ್ಕೆ ನೀರು ಹರಿಸುತ್ತಿತ್ತು. ನೀರು ಅಲ್ಲಿ ಹೆಪ್ಪುಗಟ್ಟಿ, ಮಂಜಿನಿಂದ ನೇರವಾಗಿ ಆವಿಯಾಗಿ ಹೊರಗೆ ಹೋಗುವಾಗ ಶಾಖವನ್ನು ಹೊತ್ತೊಯ್ಯುತ್ತಿತ್ತು. ಕಿಲೋ ನೀರಿಗೆ ಸುಮಾರು 25 ಲಕ್ಷ ಜೂಲ್. ಉಪಕರಣಗಳ 360 ವ್ಯಾಟ್‌ಗೆ ಮೂರು ದೇಹಗಳ ಸುಮಾರು 300 ವ್ಯಾಟ್ ಸೇರಿಸಿ ಲೆಕ್ಕ ಹಾಕಿದರೆ ಗಂಟೆಗೆ ಒಂದು ಕಿಲೋದಷ್ಟು ನೀರು. ಹೀಗೆ ಒಂದೊಂದು ಆಂಪಿಯರ್‌ಗೂ ನೀರಿನಲ್ಲಿ ಬೆಲೆ ತೆರಬೇಕಿತ್ತು. ದಿನಕ್ಕೆ 18 ಲೀಟರ್ ನೀರು ಹುಟ್ಟಿಸುತ್ತಿದ್ದ ಒಲೆ ಆರಿದ ಮೇಲೆ ನೀರು ಬರುವ ದಾರಿಯೂ ಇಲ್ಲ. ಭೂಮಿ ತಲುಪುವ ಸುಮಾರು ಐದು ಗಂಟೆ ಮೊದಲೇ ನೀರು ಮುಗಿಯಬಹುದು ಎಂದು ಯಾತ್ರಿಗಳಲ್ಲೊಬ್ಬರಾದ ಫ್ರೆಡ್ ಹೇಯ್ಸ್ ಲೆಕ್ಕ ಹಾಕಿದರು. ಅಪೊಲೊ 11ರ ಚಂದ್ರನೌಕೆಯ ಅನುಭವದಿಂದ ತಂಪು ಮಾಡುವ ನೀರಿಲ್ಲದೆಯೂ ಉಪಕರಣಗಳು ಏಳೆಂಟು ಗಂಟೆ ತಾಳುತ್ತವೆ ಎಂಬುದು ಗೊತ್ತಿದ್ದುದು ಒಂದು ಧೈರ್ಯ. ಆದರೂ ಯಾತ್ರಿಗಳು ಕುಡಿಯುವ ನೀರನ್ನು ದಿನಕ್ಕೆ ತಲಾ 180 ಮಿಲಿಲೀಟರ್‌ಗೆ ಇಳಿಸಿಕೊಂಡರು. ಒಂದು ಸಣ್ಣ ಲೋಟ. ಮೂವರೂ ಸೇರಿ 14 ಕಿಲೋ ತೂಕ ಕಳೆದುಕೊಂಡರು, ಹೇಯ್ಸ್ ಅವರಿಗೆ ಮೂತ್ರನಾಳದ ಸೋಂಕಾಗಿ ಜ್ವರ ಬಂತು.

ವಿದ್ಯುತ್ ಬಳಕೆ ಇಳಿದಂತೆ ಶಾಖವೂ ಇಳಿಯಿತು. ಒಳಗಿನ ಉಷ್ಣತೆ 3 ಡಿಗ್ರಿಗೆ ಬಂತು. ಉಸಿರಿನ ತೇವ ತಣ್ಣನೆಯ ಗೋಡೆಗಳ ಮೇಲೆ, ಸ್ವಿಚ್‌ಗಳ ಮೇಲೆ, ಕಿಟಕಿಯ ಗಾಜಿನ ಮೇಲೆ ಹನಿಗಟ್ಟಿತು.

ಉಸಿರಿನ ಜೊತೆ ಇನ್ನೊಂದು ಲೆಕ್ಕವೂ ಏರುತ್ತಿತ್ತು. ಇಂಗಾಲದ ಡೈಆಕ್ಸೈಡನ್ನು ಹೀರಲು ಲಿಥಿಯಂ ಹೈಡ್ರಾಕ್ಸೈಡ್ ಡಬ್ಬಿಗಳಿದ್ದವು. ಅದು ಅನಿಲವನ್ನು ಹಿಡಿದು ಲಿಥಿಯಂ ಕಾರ್ಬೊನೇಟ್, ನೀರು ಮತ್ತು ಒಂದಿಷ್ಟು ಶಾಖ ಕೊಡುತ್ತದೆ. ಲಿಥಿಯಂ ಏಕೆಂದರೆ ಲೋಹಗಳಲ್ಲೇ ಹಗುರ: ಒಂದು ಗ್ರಾಂ ಹೈಡ್ರಾಕ್ಸೈಡ್ 0.92 ಗ್ರಾಂ ಅನಿಲವನ್ನು ಹಿಡಿಯುತ್ತದೆ, ಸೋಡಿಯಂನದಾದರೆ 0.55 ಮಾತ್ರ. ಅಕ್ವೇರಿಯಸ್‌ನ ದುಂಡು ಡಬ್ಬಿಗಳು ಸಾಲಲಿಲ್ಲ, ಒಡಿಸ್ಸಿಯ ಚೌಕ ಡಬ್ಬಿಗಳು ದುಂಡು ಕಿಂಡಿಗೆ ಹೊಂದಲಿಲ್ಲ. ಪ್ಲಾಸ್ಟಿಕ್ ಚೀಲ, ರಟ್ಟು, ಅಂಟುಪಟ್ಟಿ, ಬಾಹ್ಯಾಕಾಶ ಉಡುಪಿನ ಕೊಳವೆಗಳಿಂದ ನೆಲದಲ್ಲಿ ಮಾದರಿ ಮಾಡಿ, ಮಾತಿನಲ್ಲೇ ವಿವರಿಸಿ, ಮೇಲೆ ಅದನ್ನು ಕಟ್ಟಿಸಿದರು. ಈ ಭಾಗ ಎಲ್ಲರಿಗೂ ಗೊತ್ತಿರುವುದರಿಂದ ಇಲ್ಲಿಗೆ ಬಿಡುತ್ತೇನೆ.

ಹೆಚ್ಚು ಮಂದಿಗೆ ಗೊತ್ತಿಲ್ಲದ್ದು ಇದು. ಪ್ರಯಾಣದ 97ನೆಯ ಗಂಟೆಯ ಸುಮಾರಿಗೆ ತಳಭಾಗದಿಂದ ಧಡ್ ಎಂಬ ಸದ್ದು ಬಂತು. ಬ್ಯಾಟರಿಯೊಂದರ ಮುಚ್ಚಳದಡಿ ಸಣ್ಣ ಸ್ಫೋಟವಾಗಿತ್ತು. ಬೆಳ್ಳಿ-ಸತು ಕೋಶಗಳು ಅಲ್ಪ ಪ್ರಮಾಣದಲ್ಲಿ ಹೈಡ್ರೋಜನ್ ಮತ್ತು ಆಮ್ಲಜನಕವನ್ನು ಹೊರಬಿಡುತ್ತವೆ. ಮುಚ್ಚಳದಡಿ ಕೂಡಿದ ಆ ಮಿಶ್ರಣಕ್ಕೆ ಕಿಡಿ ತಾಗಿತ್ತು. ಇಂಧನ ಕೋಶದಲ್ಲಿ ಶಾಂತವಾಗಿ ವಿದ್ಯುತ್ ಕೊಡುತ್ತಿದ್ದ ಅವೇ ಎರಡು ಅನಿಲಗಳು, ಅದೇ ನೀರಾಗುವ ಕ್ರಿಯೆ. ಈ ಸಲ ತಂತಿಯ ದಾರಿಯಿಲ್ಲದೆ. ಬ್ಯಾಟರಿ ಮಾತ್ರ ನಿಲ್ಲದೆ ವಿದ್ಯುತ್ ಕೊಡುತ್ತಲೇ ಹೋಯಿತು.

ಬುತ್ತಿಗೆ ಬುತ್ತಿ ತುಂಬಿದ್ದು

ಎತ್ತಿಟ್ಟಿದ್ದ ಮೂರು ಪುಟ್ಟ ಬ್ಯಾಟರಿಗಳಲ್ಲಿ ಒಂದು ಮೊದಲ ರಾತ್ರಿಯೇ ಅರೆಬರೆ ಖಾಲಿಯಾಗಿತ್ತು. ಕೊನೆಯ ಎರಡೂವರೆ ಗಂಟೆಗಳನ್ನು ಅದಿಲ್ಲದೆ ದಾಟುವುದು ದುಸ್ಸಾಧ್ಯ. ಎರಡು ನೌಕೆಗಳ ನಡುವೆ ಒಂದು ವಿದ್ಯುತ್ ಕೇಬಲ್ ಇತ್ತು. ಒಡಿಸ್ಸಿಯಿಂದ ಅಕ್ವೇರಿಯಸ್‌ಗೆ ವಿದ್ಯುತ್ ಕೊಡಲು ಅದನ್ನು ಹಾಕಿದ್ದರು. ಅದನ್ನೇ ತಿರುಗುಮುರುಗಾಗಿ ಬಳಸುವ ಕ್ರಮವನ್ನು ನೆಲದಲ್ಲಿ ಬರೆದರು. ಅಕ್ವೇರಿಯಸ್‌ನ ಸತು ಆಕ್ಸೈಡ್ ಆಗುತ್ತಾ ಹೊರಬಿಟ್ಟ ಶಕ್ತಿ ಕೇಬಲ್ಲಿನಲ್ಲಿ ಹರಿದು ಒಡಿಸ್ಸಿಯ ಬ್ಯಾಟರಿಯಲ್ಲಿ ಸತುವಿನ ಆಕ್ಸೈಡನ್ನು ಮತ್ತೆ ಸತುವಾಗಿಸಿತು, ಬೆಳ್ಳಿಯನ್ನು ಮತ್ತೆ ಆಕ್ಸೈಡ್ ಆಗಿಸಿತು. ಒಂದು ಕಡೆ ಕ್ರಿಯೆ ಇಳಿಜಾರಿನಲ್ಲಿ ತಾನಾಗಿ ಇಳಿಯುತ್ತಿತ್ತು, ಇನ್ನೊಂದು ಕಡೆ ಅದೇ ಕ್ರಿಯೆಯನ್ನು ಏರಿನ ಮೇಲೆ ನೂಕಲಾಗುತ್ತಿತ್ತು. ದಾರಿಯಲ್ಲಿ ಒಂದಿಷ್ಟು ಶಾಖವಾಗಿ ಪೋಲಾಗುತ್ತದೆ. ಏರಿಸಿದ್ದು ಯಾವಾಗಲೂ ಇಳಿದದ್ದಕ್ಕಿಂತ ಕಡಿಮೆ. ಆ ಪೋಲನ್ನೂ ಲೆಕ್ಕದಲ್ಲಿ ಹಿಡಿದೇ ಅಪ್ಪಣೆ ಕೊಟ್ಟಿದ್ದರು. ಬ್ಯಾಟರಿ ತುಂಬಿತು.

ತಣ್ಣಗೆ ಮಲಗಿದ್ದ ಒಡಿಸ್ಸಿಯನ್ನು ಎಬ್ಬಿಸುವ ಕ್ರಮವನ್ನು ನಿಯಂತ್ರಣ ಕೇಂದ್ರದ ಜಾನ್ ಆರನ್ ಮೊದಲಾದವರು ಆಂಪಿಯರ್‌ಗೆ ಆಂಪಿಯರ್ ತೂಗಿ ಬರೆದರು. ರುಬೆಲ್ಲಾ (ಜರ್ಮನ್ ದಡಾರ) ಸೋಂಕಿನ ಭಯದಿಂದ ಯಾನದಿಂದ ಹೊರಗುಳಿದಿದ್ದ ಕೆನ್ ಮ್ಯಾಟಿಂಗ್ಲಿ ಅದನ್ನು ತರಬೇತಿ ನೌಕೆಯಲ್ಲಿ ನಡೆಸಿ ನೋಡಿದರು. ಹನಿಗಟ್ಟಿದ ಫಲಕಗಳ ಹಿಂದೆ ಶಾರ್ಟ್ ಆಗಬಹುದೆಂಬ ಭಯ ಎಲ್ಲರಿಗೂ ಇತ್ತು. ಅಪೊಲೊ 1ರ ಅಗ್ನಿದುರಂತದಲ್ಲಿ, ಅದೂ ಶುದ್ಧ ಆಮ್ಲಜನಕದಲ್ಲೇ, ಮೂವರು ಸತ್ತ ಬಳಿಕ ತಂತಿಗಳ ಹೊದಿಕೆಯನ್ನು ಬಲಪಡಿಸಿದ್ದರು. ಅದು ಇಲ್ಲಿ ಕಾಪಾಡಿತು. ಒಂದು ಕಿಡಿಯೂ ಹಾರಲಿಲ್ಲ.

ಏಪ್ರಿಲ್ 17ರಂದು ಅಕ್ವೇರಿಯಸ್‌ನಿಂದ ಬೇರೆಯಾಗುವಾಗ ಅದರ ವಿದ್ಯುತ್ತಿನಲ್ಲಿ ಶೇಕಡ 20ರಷ್ಟು, ನೀರಿನಲ್ಲಿ ಶೇಕಡ 9ರಷ್ಟು ಉಳಿದಿತ್ತು. ಒಡಿಸ್ಸಿ ಮೂರು ಪುಟ್ಟ ಬ್ಯಾಟರಿಗಳ ಬಲದಲ್ಲಿ ವಾತಾವರಣವನ್ನು ಹೊಕ್ಕಿತು, ಪ್ಯಾರಾಚೂಟ್‌ಗಳು ಬಿಚ್ಚಿದವು, ದಕ್ಷಿಣ ಪೆಸಿಫಿಕ್ ಸಾಗರದಲ್ಲಿ ನೌಕೆ ಇಳಿಯಿತು. ಜಿಮ್ ಲೊವೆಲ್, ಸ್ವಿಗರ್ಟ್, ಹೇಯ್ಸ್ ಮೂವರೂ ಹೊರಬಂದರು.

ಮುಂದಿನ ಯಾನವಾದ ಅಪೊಲೊ 14 ಹೊರಟದ್ದು 1971ರ ಜನವರಿ 31ರಂದು. ಅದರ ಆಮ್ಲಜನಕ ಟ್ಯಾಂಕುಗಳಲ್ಲಿ ಫ್ಯಾನ್ ಇರಲಿಲ್ಲ, ತಂತಿಗಳಿಗೆ ಸ್ಟೇನ್‌ಲೆಸ್ ಸ್ಟೀಲ್ ಕವಚ ಬಂದಿತ್ತು, ಥರ್ಮೋಸ್ಟಾಟ್‌ಗಳನ್ನು ತೆಗೆದಿದ್ದರು. ಉಳಿದೆರಡರಿಂದ ದೂರವಾಗಿ ಮೂರನೆಯದೊಂದು ಆಮ್ಲಜನಕ ಟ್ಯಾಂಕನ್ನು ಇಟ್ಟಿದ್ದರು. ಸರ್ವಿಸ್ ಮಾಡ್ಯೂಲಿನಲ್ಲಿ, ಇಂಧನ ಕೋಶಗಳ ಜೊತೆಗೆ, 400 ಆಂಪಿಯರ್-ಗಂಟೆಯ ಬೆಳ್ಳಿ-ಸತು ಬ್ಯಾಟರಿಯೊಂದು ಹೊಸದಾಗಿ ಸೇರಿತ್ತು. ಅಕ್ವೇರಿಯಸ್‌ನ ತಳಭಾಗದಲ್ಲಿದ್ದುದರ ಮಾದರಿಯದೇ.